ವಿಭೂತಿ ಹಚ್ಚಿದ ಎಂಬಿಎ ಗೈಡು

ಮೊನ್ನೆ ಭಾನುವಾರ ಹಳೇ ಪೇಪರ್ ಗಾಡಿಯವನು ನಮ್ಮ ಬೀದಿಗೆ ಬಂದಾಗ ನಾನು ಮೊದಲು ಎತ್ತಿಕೊಂಡು ಹೋಗಿದ್ದು ಆ ಗೈಡನ್ನೇ. ಎಂಬಿಎ ಪ್ರವೇಶ ಪರೀಕ್ಷೆಯ ಗೈಡು. ಒಂಬೈನೂರು ಚಿಲ್ಲರೆ ಪುಟ, ಹೊಳೆಯುವ ರಟ್ಟು, ರಟ್ಟಿನ ಮೇಲೆ ಕೋಟು ಹಾಕಿ ಕೈಕಟ್ಟಿ ನಿಂತ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರಿಗೂ ಅಷ್ಟೊಂದು ಹಲ್ಲು ಬಿಡುವಂಥದ್ದು ಏನಾಗಿದೆ ಅಂತ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಆ ಕೋಟಿನ ಸಮೇತ ಅವರನ್ನು ಕರೆತಂದು, ಏಪ್ರಿಲ್ ತಿಂಗಳ ಮಧ್ಯಾಹ್ನ ಕಾಮಾಕ್ಷಿಪಾಳ್ಯದ ಶೀಟಿನ ಮಾಡಿನ ಕೆಳಗೆ ಇಸ್ತ್ರಿ ಟೇಬಲ್ಲಿನ ಪಕ್ಕ ಹತ್ತು ನಿಮಿಷ ನಿಲ್ಲಿಸಬೇಕು. ಆಗ ಹಲ್ಲು ಎಷ್ಟು ಕಾಣುತ್ತೆ ನೋಡೋಣ.

ಗಾಡಿಯವನು ಪುಸ್ತಕವನ್ನು ತಕ್ಕಡಿಗೆ ಇಡುವ ಹೊತ್ತಿಗೆ ಒಳಗಿನಿಂದ ನಮ್ಮ ಅತ್ತೆ ಬಂದರು. "ಏನವಾ ಗಿರಿಜಾ, ಪೂಜೆ ಮಾಡಿದ ಪುಸ್ತಕ ಗುಜರಿಗೆ ಹಾಕ್ತೀಯಾ?" ಅಂದರು. ಅವನು ರಟ್ಟು ತಿರುಗಿಸಿ ನೋಡಿದ. ನಾಲ್ಕು ಮೂಲೆಗೂ ವಿಭೂತಿ, ನಡುವೆ ಕುಂಕುಮ. "ಬೇಡ ಬಿಡಕ್ಕ, ನಮಗೂ ಒಳ್ಳೇದಲ್ಲ" ಅಂತ ವಾಪಸ್ ಕೊಟ್ಟುಬಿಟ್ಟ. ಹಾಗಾಗಿ ಅದು ಮತ್ತೆ ಜಗಲಿಗೆ ಹೋಗಿ, ಬಸವಣ್ಣನ ಪಟದ ಪಕ್ಕ ದೀಪದೆಣ್ಣೆಯ ಬಾಟಲಿಗೆ ಒರಗಿಕೊಂಡು ಕೂತಿದೆ. ಇನ್ನು ನಾನು ಸತ್ತ ಮೇಲೂ ಅದು ಅಲ್ಲೇ ಇರುತ್ತದೆ.

ಅತ್ತೆ ದಾವಣಗೆರೆ ಕಡೆಯವರು. ದೇವರ ಗೂಡಿಗೆ ಅವರು ಜಗಲಿ ಅನ್ನುತ್ತಾರೆ. ನಮ್ಮ ಮನೆಗೆ ಮುಖ್ಯವಾದ ಯಾವ ಕಾಗದ ಬಂದರೂ ಮೊದಲು ಜಗಲಿಯ ಮೇಲೆ ಒಂದು ರಾತ್ರಿ ಕಳೆಯಬೇಕು, ಬೆಳಗ್ಗೆ ವಿಭೂತಿ ಹಚ್ಚಿಸಿಕೊಳ್ಳಬೇಕು, ಆಮೇಲೆ ಹೊರಗಿನ ಲೋಕ. ಮದುವೆ ಪತ್ರಿಕೆ, ಮಗಳು ಸಿಂಚನಾಳ ಮಾರ್ಕ್ಸ್ ಕಾರ್ಡು, ಗ್ಯಾಸ್ ಕನೆಕ್ಷನ್ ಪುಸ್ತಕ, ನನ್ನ ಗಂಡನ ಡ್ರೈವಿಂಗ್ ಲೈಸೆನ್ಸು, ಎಲ್ಲವೂ ಈ ದಾರಿಯಲ್ಲೇ ಬಂದಿವೆ. ಒಮ್ಮೆ ಕರೆಂಟ್ ಬಿಲ್ಲಿಗೂ ಹಚ್ಚಿದ್ದರು. ಅದು ಏನೆಂದು ಗೊತ್ತಾದ ಮೇಲೆ ಒರೆಸಿದರು.

ಚಿಕ್ಕವಳಿದ್ದಾಗ ಪುಸ್ತಕ ಪೂಜೆ ಅಂದರೆ ನನಗೆ ಪಂಚಪ್ರಾಣ. ಭಕ್ತಿಯಿಂದಲ್ಲ. ಸರಸ್ವತಿ ಹಬ್ಬದಲ್ಲಿ ದೇವರ ಮುಂದೆ ಇಟ್ಟ ಪುಸ್ತಕವನ್ನು ಮಾರನೇ ದಿನದ ತನಕ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೆ. ನಮ್ಮಪ್ಪ ಲೇತ್ ಕೆಲಸ ಮುಗಿಸಿ ಬಂದು ಕೈಯ ಗ್ರೀಸ್ ತೊಳೆಯುವ ಮೊದಲೇ ನಾನು ಗಣಿತದ ಪುಸ್ತಕವನ್ನು ಎಲ್ಲದಕ್ಕಿಂತ ಅಡಿಗೆ ಇಟ್ಟು, ಮೇಲೆ ತೆಂಗಿನಕಾಯಿ ಹೇರಿರುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಐದು ಜನ ಹುಡುಗಿಯರು ಸೇರಿ ಒಂದು ಗೈಡು ತಂದೆವು. ಎಲ್ಲರಿಗೂ ಒಟ್ಟಿಗೆ ಬೇಕಲ್ಲ, ಅದಕ್ಕೆ ಐದು ಭಾಗ ಹರಿದು ಸರದಿಯ ಮೇಲೆ ಓದಿದೆವು. ನನಗೆ ಮೊದಲು ಬಂದಿದ್ದು ಕೊನೆಯ ಭಾಗ. ಅದರಲ್ಲಿ ಬರೀ ಉತ್ತರಗಳಿದ್ದವು, ಪ್ರಶ್ನೆ ಬರಲು ಒಂದೂವರೆ ತಿಂಗಳು ಹಿಡಿಯಿತು. "ಗೈಡ್ ಓದೋರು ಕತ್ತೆಗಳು" ಅಂತ ಬೈಯುತ್ತಿದ್ದ ನಮ್ಮ ಮೇಷ್ಟ್ರು ಹಾಜರಿ ಪುಸ್ತಕದೊಳಗೆ ಅದೇ ಗೈಡನ್ನು ಇಟ್ಟುಕೊಂಡು ಪಾಠ ಮಾಡುತ್ತಿದ್ದರು. ಅಂದಿನಿಂದಲೂ ಈ ಗೈಡು ಅನ್ನುವ ಜಾತಿಯ ಮೇಲೆ ನನಗೆ ಗೌರವ ಅಷ್ಟಕ್ಕಷ್ಟೇ.

ಹಾಗಿದ್ದವಳು ನಲವತ್ತಾರನೇ ವಯಸ್ಸಿನಲ್ಲಿ ಎಂಬಿಎ ಗೈಡು ಕೊಂಡಿದ್ದು ಯಾಕೆ ಅಂತ ಕೇಳುತ್ತೀರಿ. ಒಂದು ಕುರ್ಚಿಗೋಸ್ಕರ.

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್ ಯೂನಿಟ್ಟಿನಲ್ಲಿ ನಾನು ಹತ್ತೊಂಬತ್ತು ವರ್ಷ ಇದ್ದೆ. ಅರವತ್ತು ಮೆಷೀನು, ಶರ್ಟು ಮತ್ತು ಸ್ಕೂಲ್ ಯೂನಿಫಾರಂ. ಹೆಲ್ಪರ್ ಆಗಿ ಸೇರಿ, ಚೆಕಿಂಗ್ ಮಾಡಿ, ಸೂಪರ್‌ವೈಸರ್ ಆದವಳು. ಯಾವ ಮೆಷೀನು ಯಾವ ಹವಾಗೆ ನೂಲು ಕಡಿಯುತ್ತದೆ, ಯಾರ ಗಂಡ ಕುಡಿದು ಬಂದ ಮಾರನೇ ದಿನ ಯಾರ ಹೊಲಿಗೆ ಸೊಟ್ಟಗಾಗುತ್ತದೆ, ಎಲ್ಲ ನನಗೆ ಗೊತ್ತು. ಫ್ಲೋರ್ ಮ್ಯಾನೇಜರ್ ಹೋದ ವರ್ಷ ವಯಸ್ಸಾಯಿತೆಂದು ಕೆಲಸ ಬಿಟ್ಟರು. ಗಾಜಿನ ಕ್ಯಾಬಿನ್ನು, ಒಂದು ಫ್ಯಾನು, ತಿರುಗುವ ಕುರ್ಚಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕುರ್ಚಿ ನನಗೆ ಬೇಕಿತ್ತು. ಹತ್ತೊಂಬತ್ತು ವರ್ಷ ನಿಂತುಕೊಂಡೇ ಕೆಲಸ ಮಾಡಿದವಳಿಗೆ ಕೂರಬೇಕು ಅನ್ನಿಸುವುದು ತಪ್ಪಾ, ನೀವೇ ಹೇಳಿ.

ಮಾಲೀಕರಾದ ಸದಾಶಿವಯ್ಯನವರು ನನ್ನನ್ನು ಕರೆದು ಕೂರಿಸಿದರು. ಹಣೆ ತುಂಬ ವಿಭೂತಿ ಇಡುವ ಮನುಷ್ಯ, ಮಾತು ಬೆಣ್ಣೆ.

"ಗಿರಿಜಮ್ಮ, ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಈಗ ಬರೋ ಬೈಯರ್‌ಗಳು ಮ್ಯಾನೇಜರ್ ಏನು ಓದಿದಾರೆ ಅಂತ ಕೇಳ್ತಾರೆ. ನಿಮ್ದು ಬಿ.ಕಾಂ ಆಗಿದೆಯಲ್ಲ? ಎಂಬಿಎ ಎಂಟ್ರೆನ್ಸ್ ಬರೀರಿ. ಸಂಜೆ ಕಾಲೇಜಲ್ಲಿ ಸೀಟ್ ಸಿಕ್ಕಿದ ದಿನ ಬಂದು ಹೇಳಿ, ಕುರ್ಚಿ ನಿಮ್ದು. ಅಲ್ಲೀತನಕ ಖಾಲಿ ಇಟ್ಟಿರ್ತೀನಿ."

ನಾನು ನಂಬಿದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಾರನೇ ದಿನವೇ ರಾಜಾಜಿನಗರದ ಪುಸ್ತಕದಂಗಡಿಗೆ ಹೋದೆ. ಅಂಗಡಿಯವರು ಗೈಡು ಎತ್ತಿಕೊಡುತ್ತಾ "ಮಗನಿಗಾ ಆಂಟಿ?" ಅಂದರು.

"ಹ್ಞೂ" ಅಂದೆ. ನನಗೆ ಮಗನೇ ಇಲ್ಲ.

"ಎಷ್ಟು ಪರ್ಸೆಂಟೈಲ್ ಟಾರ್ಗೆಟ್ಟು?"

"ಜಾಣ ಇದಾನೆ" ಅಂದೆ. ಬಸ್ಸಿನಲ್ಲಿ ಕೂತ ಮೇಲೆ, ಇಲ್ಲದ ಮಗನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಮನೆಗೆ ಬಂದು ಕ್ಯಾಲೆಂಡರ್ ಹಾಳೆಯ ರ‍್ಯಾಪರ್ ಹಾಕಿದೆ. ಊಟದ ಹೊತ್ತಿನಲ್ಲಿ ಯೂನಿಟ್ಟಿನ ಸ್ಟೋರ್ ರೂಮಿನೊಳಗೆ ಬಟ್ಟೆಯ ಥಾನುಗಳ ಹಿಂದೆ ಕದ್ದು ಓದುತ್ತಿದ್ದೆ. ಮುನ್ನುಡಿಯಲ್ಲೇ ನನಗೂ ಅದಕ್ಕೂ ಜಗಳ ಶುರುವಾಯಿತು. ಮುನ್ನುಡಿ ಬರೆದ ಪುಣ್ಯಾತ್ಮ, ಬೆಳಗ್ಗೆ ಐದಕ್ಕೆ ಎದ್ದು ಧ್ಯಾನ ಮಾಡಿ, ಹಣ್ಣಿನ ರಸ ಕುಡಿದು, ಶಾಂತ ಮನಸ್ಸಿನಿಂದ ಓದಲು ಕೂರಬೇಕು ಅಂತ ಹೇಳಿದ್ದ. ಬೆಳಗ್ಗೆ ಐದಕ್ಕೆ ನಮ್ಮ ಬೀದಿಗೆ ನೀರು ಬರುತ್ತದೆ. ಧ್ಯಾನಕ್ಕೆ ಕೂತರೆ ಸಂಪು ಯಾರು ತುಂಬಿಸುತ್ತಾರೆ, ಅವನ ತಾತನಾ?

ಆಮೇಲೆ ಲೆಕ್ಕ. ಹನ್ನೆರಡು ಜನ ಒಂದು ಕೆಲಸವನ್ನು ಎಂಟು ದಿನದಲ್ಲಿ ಮುಗಿಸಿದರೆ ಹದಿನಾರು ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಗೈಡಿನ ಪ್ರಕಾರ ಆರು. ಈ ಲೆಕ್ಕ ಮಾಡಿದವನು ಜನ್ಮದಲ್ಲಿ ನಾಲ್ಕು ಜನರಿಂದ ಕೆಲಸ ತೆಗೆಸಿಲ್ಲ, ಬರೆದುಕೊಡುತ್ತೇನೆ. ಹದಿನಾರು ಜನ ಅಂದರೆ ನಾಲ್ವರು ಹೊಸಬರು. ಅವರಿಗೆ ಕೈ ತೋರಿಸಲು ಇಬ್ಬರು ಹಳಬರು ಮೆಷೀನ್ ಬಿಟ್ಟು ಏಳಬೇಕು. ಒಬ್ಬಳ ಮಗುವಿಗೆ ಜ್ವರ. ಇಬ್ಬರು ಚೀಟಿ ವಿಷಯಕ್ಕೆ ಮಾತು ಬಿಟ್ಟಿದ್ದಾರೆ, ಅಕ್ಕಪಕ್ಕ ಕೂರುವುದಿಲ್ಲ. ಶುಕ್ರವಾರ ಮಾರಮ್ಮನ ಹಬ್ಬ. ಹತ್ತು ದಿನದಲ್ಲಿ ಮುಗಿದರೆ ಕೈಮುಗಿಯಬೇಕು. ನಾನು ಹತ್ತು ಅಂತ ಬರೆದೆ. ಸಿಂಚನಾ ಕೆಂಪು ಪೆನ್ನಿನಲ್ಲಿ ಇಂಟು ಹಾಕಿದಳು.

"ಅಮ್ಮ, ಇದ್ರಲ್ಲಿ ಇರೋ ಜನಕ್ಕೆ ಮಕ್ಕಳು ಮರಿ ಇರಲ್ಲಮ್ಮ. ಸುಮ್ನೆ ಆರು ಅಂತ ಬರಿ" ಅಂದಳು.

ಇಂಗ್ಲಿಷ್ ಪದಗಳ ಅಧ್ಯಾಯ ಇನ್ನೊಂದು. 'ಅಬ್ಸೀಕ್ವಿಯಸ್' ಅಂದರೆ ದೊಡ್ಡವರ ಮುಂದೆ ಹಲ್ಲುಗಿಂಜಿಕೊಂಡು ನಿಲ್ಲುವವನು ಅಂತೆ. ಅಂಥವರು ಐದಾರು ಮಂದಿ ನನಗೆ ಹತ್ತಿರದಿಂದಲೇ ಗೊತ್ತು. ಅವರಿಗೆ ಇಂಥ ಒಳ್ಳೆ ಹೆಸರಿದೆ ಅಂತ ಗೊತ್ತಿರಲಿಲ್ಲ ಅಷ್ಟೆ.

ಸಂಜೆ ಹೊತ್ತು ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಪ್ರಶ್ನೆಗಳನ್ನು ಕನ್ನಡ ಮಾಡಿ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಎಂಟು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಎ ಎನ್ನುವವನು ಬಿ ಪಕ್ಕ ಕೂರುವುದಿಲ್ಲ, ಸಿ ಎನ್ನುವವಳು ಡಿ ಎದುರಿಗೇ ಇದ್ದಾಳೆ.

"ಊಟಕ್ಕೆ ಕುಂತಾರಾ?" ಅಂದರು ಅತ್ತೆ.

"ಏನೂ ಹೇಳಿಲ್ಲ ಅತ್ತೆ, ಸುಮ್ನೆ ಕೂತಿದಾರೆ."

"ಊಟ ಇಲ್ದೆ ಎಂಟು ಜನ ಯಾಕೆ ಕುಂದಿರ್ತಾರೆ? ಎ ಮತ್ತೆ ಬಿಗೆ ಆಸ್ತಿ ಜಗಳ ಇರಬೇಕು."

ಅದರ ಮುಂದಿನ ಅಧ್ಯಾಯ ರಕ್ತಸಂಬಂಧ. ಒಬ್ಬ ಒಂದು ಫೋಟೋ ತೋರಿಸಿ, 'ಇವನ ಹೆಂಡತಿ ನನ್ನ ತಂದೆಯ ಒಬ್ಬಳೇ ಮೊಮ್ಮಗಳು, ನನಗೆ ಒಡಹುಟ್ಟಿದವರು ಯಾರೂ ಇಲ್ಲ' ಅನ್ನುತ್ತಾನೆ. ಹಾಗಾದರೆ ಫೋಟೋದಲ್ಲಿರುವವನು ಅವನಿಗೆ ಏನಾಗಬೇಕು? ನಾನು ಹಾಳೆಯ ಮೇಲೆ ಬಾಣದ ಗುರುತು ಹಾಕಿಕೊಂಡು ಒದ್ದಾಡುತ್ತಿದ್ದೆ.

"ಅಳಿಯ" ಅಂದರು ಅತ್ತೆ, ಮೊರದಿಂದ ತಲೆಯೆತ್ತದೆ. "ಅಳಿಯ ಅಂತ ನೆಟ್ಟಗೆ ಹೇಳಾಕೆ ಏನು ರೋಗ ಅವನಿಗೆ? ಇಷ್ಟು ಸುತ್ತಾಕ್ಕೊಂಡು ಬರೋದ್ಯಾಕೆ?"

ಕೊನೆಗೆ ಹಾಲ್ ಟಿಕೆಟ್ ಬಂತು. ಸಿಂಚನಾ ಅದನ್ನು ನಮ್ಮ ಬೀದಿಯ ಸೈಬರ್‌ನಲ್ಲಿ ಪ್ರಿಂಟ್ ಮಾಡಿಸಿ ತಂದಳು. ಗೈಡಿನ ಜೊತೆ ಅದೂ ಜಗಲಿಗೆ ಹೋಯಿತು. ಪರೀಕ್ಷೆಯ ದಿನ ಬೆಳಗ್ಗೆ ಅತ್ತೆ ಮಡಿಯಲ್ಲಿ ವಿಭೂತಿ ಕಲಸಿ ಗೈಡಿನ ಮೂಲೆಗೆಲ್ಲ ಹಚ್ಚಿದರು, ಹಾಲ್ ಟಿಕೆಟ್ಟಿನ ಮೂಲೆಗೂ ಹಚ್ಚಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದರಲ್ಲಿದ್ದ ನನ್ನ ಫೋಟೋದ ಹಣೆ ಬರಿದಾಗಿರುವುದು ಅವರ ಕಣ್ಣಿಗೆ ಬಿತ್ತು. ಮೂರು ಬೆರಳು ಅದ್ದಿ ಅಲ್ಲಿಗೂ ಎಳೆದುಬಿಟ್ಟರು. ಫೋಟೋ ಇದ್ದಿದ್ದು ಅಂಚೆಚೀಟಿಯ ಅಳತೆ. ಅತ್ತೆಯ ಮೂರು ಬೆರಳಿಗೆ ನನ್ನ ಕೂದಲಿನಿಂದ ಗಲ್ಲದ ತನಕ ಎಲ್ಲವೂ ಹಣೆಯೇ. ಮಡಚಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಟ್ಟರು. ನಾನು ಬಿಚ್ಚಿ ನೋಡಲಿಲ್ಲ.

ಪರೀಕ್ಷೆ ಇದ್ದಿದ್ದು ಕೆಂಗೇರಿ ಹತ್ತಿರದ ಒಂದು ಕಾಲೇಜಿನಲ್ಲಿ. ಅತ್ತೆ ತಾವೂ ಬರುತ್ತೇನೆಂದು ಹಠ ಹಿಡಿದರು. ವಿಜಯನಗರದಲ್ಲಿ ಮೆಟ್ರೊ ಹತ್ತಿ ಇಬ್ಬರೂ ಹೋದೆವು. ಗೇಟಿನಲ್ಲಿ ಸೆಕ್ಯೂರಿಟಿಯವರು ನಮ್ಮಿಬ್ಬರನ್ನೂ ನೋಡಿ "ಪೇರೆಂಟ್ಸ್ ಎಲ್ಲ ಆ ಮರದ ಕೆಳಗೆ ನಿಂತ್ಕೊಳಿ" ಅಂದರು. "ನಾನೇ ಬರೀಬೇಕು" ಅಂದೆ. ಹಿಂದೆ ನಿಂತಿದ್ದ ಹುಡುಗನೊಬ್ಬ ಇನ್ನೊಬ್ಬನಿಗೆ "ಮಗಾ, ಆಂಟಿ ಕೂಡ ಕಾಂಪಿಟೇಶನ್ನು" ಅಂದಿದ್ದು ನನಗೆ ಕೇಳಿಸಿತು. ನನ್ನ ಅರ್ಧ ವಯಸ್ಸೂ ಇಲ್ಲ ಅವನಿಗೆ, ಶರ್ಟಿನ ಕಾಲರ್ ಬೇರೆ ಸೊಟ್ಟಗೆ ಕೂತಿತ್ತು.

ಗೇಟಿನ ಒಳಗೇ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿ ಹಾಲ್ ಟಿಕೆಟ್ ಬಿಡಿಸಿದಳು. "ಫೋಟೋ ಎಲ್ಲಿ ಆಂಟಿ?" ಅಂದಳು. ನೋಡಿದರೆ ನನ್ನ ಮುಖವಿರಬೇಕಾದ ಜಾಗದಲ್ಲಿ ಬಿಳಿ ಗಾರೆ. ಗಾಬರಿಯಿಂದ ಸೆರಗಿನಲ್ಲಿ ಒರೆಸಿದೆ. ವಿಭೂತಿ ಹೋಯಿತು, ಅದರ ಜೊತೆಗೆ ಸೈಬರಿನವರ ಇಂಕೂ ಹೋಯಿತು. ಕಣ್ಣಿಲ್ಲ, ಮೂಗಿಲ್ಲ, ಒಂದು ಕಿವಿ ಮಾತ್ರ ಉಳಿದಿತ್ತು. "ಹೀಗಾದ್ರೆ ಬಿಡಕ್ಕಾಗಲ್ಲ" ಅಂದಳು. ಹತ್ತೊಂಬತ್ತು ವರ್ಷದ ಕುರ್ಚಿ ನನ್ನ ಕಣ್ಣೆದುರೇ ಉರುಳಿ ಹೋಗುತ್ತಿತ್ತು. ಆಧಾರ್ ಕಾರ್ಡು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಮಕ್ಕಳ ವಯಸ್ಸಿನವರ ಮುಂದೆ ಮೂಗು ಸೊರಸೊರ ಎಳೆದುಕೊಂಡು ಅಳುತ್ತಾ ನಿಂತೆ.

ಅಷ್ಟರಲ್ಲಿ ಗೇಟಿನ ಕಂಬಿಗಳ ಆಚೆಯಿಂದ ಅತ್ತೆಯ ದನಿ. "ಸಾರ್, ನಾನೇ ಹಚ್ಚಿದ್ದು. ನಂದೇ ತಪ್ಪಾತು. ಅವಳದೇನೂ ಇಲ್ಲ, ಅವಳನ್ನ ಬಿಡ್ರಿ." ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ತಪ್ಪಾಯಿತು ಅಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಾರಿನಲ್ಲಿ ಉಪ್ಪು ಎರಡು ಸಲ ಹಾಕಿದ ದಿನವೂ ಅಂದವರಲ್ಲ.

ಮೇಲ್ವಿಚಾರಕರು ಬಂದರು. ಆಧಾರ್ ನೋಡಿದರು, ನನ್ನನ್ನು ನೋಡಿದರು, ಉಳಿದ ಒಂದು ಕಿವಿಯನ್ನೂ ನೋಡಿದರು. "ಒಂದು ಮುಚ್ಚಳಿಕೆ ಬರ್ಕೊಡಿ" ಅಂದರು. ಬಿಳಿ ಹಾಳೆಯ ಮೇಲೆ ಬರೆದೆ: 'ನನ್ನ ಅತ್ತೆಯವರು ಭಕ್ತಿಪೂರ್ವಕವಾಗಿ ವಿಭೂತಿ ಧಾರಣೆ ಮಾಡಿಸಿದ ಕಾರಣ ಸದರಿ ಹಾಲ್ ಟಿಕೆಟಿನಲ್ಲಿ ನನ್ನ ಮುಖವು ಅಳಿಸಿಹೋಗಿರುತ್ತದೆ. ಸದರಿ ಮುಖವು ನನ್ನದೇ ಎಂದು ಪ್ರಮಾಣೀಕರಿಸುತ್ತೇನೆ.' ಓದಿ ಅವರು ಕೆಮ್ಮಿದ ಹಾಗೆ ಮಾಡಿ ಮುಖ ಆಚೆ ತಿರುಗಿಸಿದರು. ಆಮೇಲೆ ಬಿಟ್ಟರು.

ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಅದೇ ಕೆಲಸ ಮಾಡುವ ಜನ ಬಂದಿದ್ದರು. ಮಕ್ಕಳು ಮರಿ ಇಲ್ಲದವರು. ಹಲ್ಲು ಕಚ್ಚಿಕೊಂಡು ಗೈಡು ಹೇಳಿಕೊಟ್ಟ ಸುಳ್ಳನ್ನೇ ಗುರುತು ಮಾಡಿ ಬಂದೆ.

ರ‍್ಯಾಂಕು ಬಂತು. ಹೇಳಿಕೊಳ್ಳುವಂಥದ್ದಲ್ಲ, ಆದರೂ ವಿಜಯನಗರದ ಒಂದು ಸಂಜೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮಾರನೇ ದಿನ ಒಂದು ಕೆಜಿ ಪೇಡ ತೆಗೆದುಕೊಂಡು ಯೂನಿಟ್ಟಿಗೆ ಹೋದೆ. ಫ್ಲೋರಿನ ಹುಡುಗಿಯರಿಗೆ ಹೇಗೋ ಗೊತ್ತಾಗಿತ್ತು. "ಅಕ್ಕ ಮ್ಯಾನೇಜರ್ರು" ಅಂತ ಮೆಷೀನ್ ನಿಲ್ಲಿಸಿ ಎದ್ದು ನಿಂತರು. ನಾನು ಪೇಡದ ಡಬ್ಬ ಹಿಡಿದು ಗಾಜಿನ ಕ್ಯಾಬಿನ್ನಿನ ಬಾಗಿಲು ತೆಗೆದೆ. ಕುರ್ಚಿಯಲ್ಲಿ ಒಬ್ಬ ಯುವಕ ಕೂತು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗುತ್ತಿದ್ದ. ಪಕ್ಕದಲ್ಲಿ ಸದಾಶಿವಯ್ಯನವರು ನಿಂತಿದ್ದರು.

"ಬನ್ನಿ ಗಿರಿಜಮ್ಮ, ಇವ್ರು ಕಾರ್ತಿಕ್ ಅಂತ, ನಮ್ಮ ಅಳಿಯಂದಿರು. ಇವತ್ತಿಂದ ಫ್ಲೋರ್ ಇವ್ರೇ ನೋಡ್ಕೋತಾರೆ. ನೀವು ಸ್ವಲ್ಪ ಹೇಳ್ಕೊಡಿ."

"ಇವ್ರು ಎಂಬಿಎ ಎಲ್ಲಿ ಮಾಡಿದ್ದು ಸಾರ್?" ಅಂದೆ.

"ಮಾಡ್ತಾರೆ, ಮಾಡ್ತಾರೆ. ಅವಸರ ಏನಿದೆ? ಮನೆಯವರೇ ಅಲ್ವಾ."

ಪೇಡ ಹಂಚಿದೆ. ಏನು ಮಾಡಲಿ, ತಂದಾಗಿತ್ತು. ಆ ಹುಡುಗಿಯರ ಮುಖ ನೋಡಲಾಗಲಿಲ್ಲ. ಮನೆಗೆ ಬಂದು ಅತ್ತೆಗೆ ನಡೆದಿದ್ದು ಹೇಳಿದೆ. ಅವರು ಮೊರ ಕೆಳಗಿಟ್ಟರು.

"ಅಳಿಯ ಅಂತ ಅವತ್ತೇ ಹೇಳಾಕೆ ಏನಾಗಿತ್ತು ಅವನಿಗೆ? ಇಷ್ಟು ಸುತ್ತಾಕ್ಕೊಂಡು ಬರೋದ್ಯಾಕಿತ್ತು?" ಅಂದರು.

ಕಾಲೇಜಿಗೆ ಸೇರಲಿಲ್ಲ. ಹೊಟ್ಟೆ ಉರಿದು ಸೇರಲಿಲ್ಲ, ಬೇರೆ ಕಾರಣ ಕೊಟ್ಟರೆ ಸುಳ್ಳಾದೀತು. ಐದು ತಿಂಗಳು ಆ ಅಳಿಯಂದಿರಿಗೆ ಕಫ್ ಯಾವುದು, ಕಾಲರ್ ಯಾವುದು ಅಂತ ಹೇಳಿಕೊಟ್ಟೆ. ಹುಡುಗ ಕೆಟ್ಟವನಲ್ಲ. ಮೆಷೀನಿಗೆ ಎಣ್ಣೆ ಬಿಡುವುದನ್ನು ನೋಡಿ ಫೋಟೋ ತೆಗೆದುಕೊಳ್ಳುತ್ತಿದ್ದ. ಹೋದ ತಿಂಗಳು ಒಂದು ದಿನ ಕುರ್ಚಿ ತಿರುಗಿಸುತ್ತಾ ಕೇಳಿದ.

"ಗಿರಿಜಕ್ಕ, ನಿಮ್ಮತ್ರ ಎಂಟ್ರೆನ್ಸ್ ಗೈಡ್ ಇದೆಯಂತಲ್ಲ? ಮಾವ ಹೇಳಿದ್ರು. ನನಗೂ ಬರಿ ಅಂತಿದಾರೆ. ಸುಮ್ನೆ ಬಿದ್ದಿರುತ್ತಲ್ಲ, ನಾಳೆ ತಂದ್ಕೊಡಿ."

"ಪೂಜೆ ಮಾಡಿದ ಪುಸ್ತಕ ಸಾರ್, ಆಚೆ ಕೊಡೋ ಹಾಗಿಲ್ಲ" ಅಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಇರಲಿಲ್ಲ. "ಬೇರೆ ತಗೊಳಿ. ಆದ್ರೆ ರಕ್ತಸಂಬಂಧದ ಚಾಪ್ಟರ್ ಓದಕ್ಕೇ ಹೋಗ್ಬೇಡಿ. ಅದರಲ್ಲಿ ನೀವು ಆಗ್ಲೇ ಪಾಸಾಗಿದೀರ."

ಅವನು ಮೊದಲು ನಕ್ಕ. ಆಮೇಲೆ ಕುರ್ಚಿ ತಿರುಗುವುದು ನಿಂತಿತು.

ಆ ಭಾನುವಾರ ಬಾಪೂಜಿ ನಗರಕ್ಕೆ ಹೋದೆ. ಅಲ್ಲಿ ನಸೀಮಾ ಮೇಡಂ ಅನ್ನುವವರು ನಲವತ್ತು ಮೆಷೀನಿನ ಯೂನಿಟ್ಟು ನಡೆಸುತ್ತಾರೆ, ಮ್ಯಾನೇಜರ್ ಹುಡುಕುತ್ತಿದ್ದಾರೆ ಅಂತ ನಮ್ಮ ಫ್ಲೋರಿನ ಹುಡುಗಿಯೊಬ್ಬಳು ಹೇಳಿದ್ದಳು. ನನ್ನ ಮಾರ್ಕ್ಸ್ ಕಾರ್ಡುಗಳನ್ನು ಅವರು ಪಕ್ಕಕ್ಕಿಟ್ಟರು.

"ನಾಳೆ ಹನ್ನೆರಡು ಜನ ಬರ್ಬೇಕು, ಒಂಬತ್ತೇ ಜನ ಬಂದ್ರು ಅಂದ್ಕೊಳಿ. ಏನ್ ಮಾಡ್ತೀರಾ?" ಅಂದರು.

"ಯಾವ ಮೂರು ಜನ ಬಂದಿಲ್ಲ ಅಂತ ಮೊದಲು ಕೇಳ್ತೀನಿ ಮೇಡಂ. ಕಾಲರ್ ಕೂರಿಸೋರು ಬಂದಿಲ್ಲ ಅಂದ್ರೆ ಅವತ್ತು ಕಫ್ ಮುಗಿಸ್ಕೋತೀನಿ. ಸಾಯಂಕಾಲ ಆ ಮೂರು ಜನದ ಮನೆಗೆ ಹೋಗಿ ಬರ್ತೀನಿ."

"ಒಂದನೇ ತಾರೀಖಿಂದ ಬನ್ನಿ" ಅಂದರು. ಒಂದೇ ಪ್ರಶ್ನೆ. ಅದು ನನ್ನ ಒಂಬೈನೂರು ಪುಟದಲ್ಲಿ ಎಲ್ಲೂ ಇರಲಿಲ್ಲ.

ರಾಜೀನಾಮೆ ಪತ್ರವನ್ನು ನಾಲ್ಕು ಸಾಲಿನಲ್ಲಿ ಬರೆದೆ. ಬೈಗುಳ ಬರೆದು ಹರಿದ ಎರಡು ಕಾಗದ ಲೆಕ್ಕಕ್ಕಿಲ್ಲ. ಮಲಗುವ ಮೊದಲು ನಾನೇ ತೆಗೆದುಕೊಂಡು ಹೋಗಿ ಜಗಲಿಯ ಮೇಲೆ, ಗೈಡಿನ ಪಕ್ಕ ಇಟ್ಟೆ. ಬೆಳಗ್ಗೆ ಅತ್ತೆ ವಿಭೂತಿ ಕಲಸಿಕೊಂಡು ಬಂದು, ಕೆಂಗೇರಿಯ ನೆನಪಾಗಿ, ಕೈ ಹಿಂದೆಗೆದರು.

"ಬ್ಯಾಡವಾ, ಇದಕ್ಕೆ ಹಚ್ಚಲ್ಲ."

"ಹಚ್ಚಿ ಅತ್ತೆ. ಕವರಿಗೂ ಹಚ್ಚಿ. ಚೆನ್ನಾಗಿ ಕಾಣೋ ಹಾಗೆ ಹಚ್ಚಿ" ಅಂದೆ.

ಸದಾಶಿವಯ್ಯನವರು ಆಗಷ್ಟೇ ಬಂದು ಮೇಜಿನ ಹಿಂದೆ ಕೂತಿದ್ದರು. ನಾನು ಕವರನ್ನು ಎರಡೂ ಕೈಯಲ್ಲಿ ಕೊಟ್ಟೆ. ಮೂರು ಬೆರಳಿನ ವಿಭೂತಿ ಕಂಡ ಕೂಡಲೇ ಅವರು ಚಪ್ಪಲಿಯಿಂದ ಕಾಲು ಆಚೆ ತೆಗೆದರು, ನನ್ನ ಮಗಳ ಮದುವೆ ಪತ್ರಿಕೆಯೆಂದುಕೊಂಡರೋ ಏನೋ, "ಒಳ್ಳೇದಾಗ್ಲಿ" ಅಂದರು, ನನ್ನ ರಾಜೀನಾಮೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬಿಡಿಸಿ ಓದಿದರು.